ಕಾಕಾ ಮುಗಿಸದ ಪದ್ಯ

ನಮ್ಮ ಕಾಕಾನಷ್ಟು ನಿಧಾನವಾಗಿ ಪಾಠ ಮಾಡುವ ಕನ್ನಡ ಮಾಸ್ತರರು ಇಡೀ ಬಾಗೇವಾಡಿ ತಾಲ್ಲೂಕಿನಲ್ಲಿ ಇನ್ನೊಬ್ಬರಿಲ್ಲ. ಇದ್ದರೆ ಅವರ ಮಕ್ಕಳು ಇನ್ನೂ ವರ್ಣಮಾಲೆಯಲ್ಲೇ ಇರಬೇಕು! ಹೂವಿನ ಹಿಪ್ಪರಗಿಯ ಹೈಸ್ಕೂಲಿನಲ್ಲಿ ಅವರದು ಕನ್ನಡ, ನನ್ನದು ಗಣಿತ. ನಡುವೆ ಒಂದೇ ಗೋಡೆ. ಹೀಗಾಗಿ ಅವರ ಪ್ರತಾಪಗಳಿಗೆಲ್ಲ ನಾನೇ ಸಾಕ್ಷಿ.

ಈ ವರ್ಷ ಹತ್ತನೆಯ ತರಗತಿಗೆ ದುಡಿಯಲು ಊರು ಬಿಟ್ಟು ಗುಳೆ ಹೋಗುವವರ ಮೇಲೊಂದು ಪದ್ಯವಿತ್ತು. ನಮ್ಮ ಮಕ್ಕಳಿಗೆ ಅದನ್ನು ಬಿಡಿಸಿ ಹೇಳಬೇಕೆ? ತೊಗರಿ ರಾಶಿ ಮುಗಿದರೆ ಸಾಕು, ಬೆಂಚುಗಳು ಖಾಲಿಯಾಗತೊಡಗುತ್ತವೆ. ಈ ಸಲ ಪರೀಕ್ಷೆ ಬಿಟ್ಟು ಅಪ್ಪ-ಅವ್ವನ ಜೊತೆ ಗೋವಾಕ್ಕೆ ಹೋಗುವ ಸರದಿ ತರಗತಿಯ ಜಾಣ ಹುಡುಗಿಯೊಬ್ಬಳದು. ತಮ್ಮನನ್ನು ಎತ್ತಿಕೊಳ್ಳಲು ಯಾರಾದರೂ ಬೇಕಲ್ಲ! ಇತ್ತ ಕಾಕಾ ದೀಪಾವಳಿಗೆ ಹಿಡಿದ ಪದ್ಯ ಸಂಕ್ರಾಂತಿ ಬಂದರೂ ಮುಗಿಯಲಿಲ್ಲ.

ಒಂದು ದಿನ ನಾನು ತ್ರಿಕೋನಗಳ ಜೊತೆ ಹೆಣಗುತ್ತಿದ್ದೆ. ಬಾಗಿಲಲ್ಲಿ ಕಾಕಾ! ಹಿಂದೆ ಪಾಟೀಚೀಲ ತಲೆಯ ಮೇಲೆ ಹೊತ್ತ ಇಡೀ ಹತ್ತನೆಯ ತರಗತಿ.

"ಅಕ್ಕೋರ, ನಿಮ್ಮೂರಾಗ ನಮಗ ಒಂದೀಟು ಜಾಗಾ ಸಿಗತೈತೇನ್ರಿ?"

"ಕಾಕಾ, ಇದು ಗಣಿತದ ತಾಸು."

"ಯಾವ ಕಾಕಾ? ನಾವು ದುಡಿಯಾಕ ಬಂದವ್ರು."

ನನ್ನ ಮಕ್ಕಳು ಸರಿದು ಜಾಗ ಕೊಟ್ಟರು. ಆ ಇಕ್ಕಟ್ಟಿನಲ್ಲಿ ಬರೆಯಲು ಯಾರಿಗೂ ಕೈಯಾಡದು. ಕಾಕಾ ತಮ್ಮ ಮಕ್ಕಳನ್ನು ಅರ್ಧ ತಾಸು ಹಾಗೇ ಕೂಡಿಸಿ, "ನಾಕನೇ ಸಾಲು ಈಗ ತಿಳೀತೇನು?" ಎಂದು ಎಬ್ಬಿಸಿಕೊಂಡು ಹೋದರು. ನನ್ನ ತ್ರಿಕೋನ ಮಾತ್ರ ಯಾರಿಗೂ ತಿಳಿಯಲಿಲ್ಲ!

"ಉಳದ ಪಾಠ ಯಾವಾಗ ಮಾಡ್ತೀರಿ?" ಎಂದು ಹೆಡ್‌ಮಾಸ್ತರರು ಕಾಕಾನನ್ನು ಗದರಿದರು.

"ಅವೆಲ್ಲಾ ಮುಗದಾವ್ರಿ. ಇದೊಂದ ಉಳದೈತಿ."

ನಿಜವೇ. ವ್ಯಾಕರಣ ಸಹಿತ ಎಲ್ಲ ಮುಗಿಸಿ ಇದೊಂದನ್ನೇ ಹಿಡಿದು ಕೂತಿದ್ದರು. ಹುಚ್ಚಲ್ಲದೆ ಇನ್ನೇನು ಎಂದು ಸ್ಟಾಫ್ ರೂಮಿನಲ್ಲಿ ನಾವೆಲ್ಲ ನಕ್ಕೆವು.

ತೊಗರಿ ರಾಶಿ ಮುಗಿದ ವಾರ ಆ ಹುಡುಗಿಯ ಅಪ್ಪ ಬಂದು ಕಾಕಾನ ತರಗತಿಯ ಬಾಗಿಲಲ್ಲಿ ನಿಂತರು. ನಾನು ನನ್ನ ಪಾಠ ಬಿಟ್ಟು ಹೊರಗೆ ಬಂದೆ.

"ಪದ್ಯಾ ಮುಗದ ಮ್ಯಾಲ ಮಗಳನ್ನ ಒಯ್ರಿ ಅಂದಿದ್ರಿ. ಮುಗೀತೇನ್ರಿ ಸರ?"

"ಇನ್ನ ಎರಡು ಸಾಲು ಅದಾವ್ರಿ."

"ಹ್ವಾದ ತಿಂಗಳೂ ಎರಡ ಇದ್ವಲ್ರಿ."

ಕಾಕಾ ಪುಸ್ತಕದ ಹಾಳೆ ತಿರುವತೊಡಗಿದರು. ಹುಡುಗಿ ತಲೆ ತಗ್ಗಿಸಿ ಕೂತಿದ್ದಳು. ಪದ್ಯ ಯಾಕೆ ಮುಗಿದಿರಲಿಲ್ಲವೆಂದು ಇಷ್ಟು ದಿನ ನಕ್ಕಿದ್ದ ನನಗೆ ಆಗ ತಿಳಿಯಿತು. ಅಪ್ಪ ಮಗಳ ಕಡೆ ನೋಡಿದರು.

"ಕೂಸಿನ್ನ ನೋಡಾಕ ನಮ್ಮವ್ವನ್ನ ಕರಕೊಂಡು ಹೊಕ್ಕೇವ್ರಿ. ಈಕಿ ಪರೀಕ್ಷಾ ಬರೀಲಿ. ಆದ್ರ ಒಬ್ಬಾಕೀನ ಎಲ್ಲಿ ಬಿಡೂದು?"

"ನಮ್ಮನ್ಯಾಗ ಇರ್ತಾಳ" ಎಂದರು ಕಾಕಾ. ಮನೆಯಲ್ಲಿ ಹೆಂಡತಿಯನ್ನು, ನಮ್ಮ ಕಾಕುವನ್ನು, ಒಂದು ಮಾತು ಕೇಳಿರಲಿಲ್ಲ!

ಸಂಜೆ ನಾನೂ ಅವರ ಮನೆಗೆ ಹೋದೆ. ಬಟ್ಟೆಯ ಚೀಲ ಹಿಡಿದು ಬಂದ ಹುಡುಗಿಯನ್ನು ಕಂಡು ಕಾಕು ಸೊಂಟಕ್ಕೆ ಕೈಯಿಟ್ಟು ನಿಂತರು. ಈಗ ಕಾಕಾನ ಗತಿ ಮುಗಿಯಿತು ಎಂದುಕೊಂಡೆ.

"ಮುಂಜಾನೆ ಹೇಳಾಕ ನಿಮಗ ಏನಾಗಿತ್ರಿ? ಈ ಕೂಸಿಗೆ ಹೊಚ್ಚಾಕ ಒಂದು ಕೌದಿನರ ಬಿಸಲಿಗೆ ಹಾಕತಿದ್ನಿ."