ಕೀಬೋರ್ಡಿಗೆ ಕುಂಕುಮವಿಟ್ಟ ಭಾನುವಾರ

ಮಕ್ಕಳಿಗೆ ಕೀಬೋರ್ಡ್ ಕಲಿಸುವುದೇನು ಮಹಾ? ಇಪ್ಪತ್ತು ವರ್ಷಗಳಿಂದ ಕೋಡ್ ಕುಟ್ಟಿಯೇ ಹೊಟ್ಟೆ ಹೊರೆಯುತ್ತಿರುವವನು ನಾನು. ಅಮೆರಿಕದ ಹಿಲ್ಸ್‌ಬರೋದಲ್ಲಿ ಭಾನುವಾರದ ಕನ್ನಡ ತರಗತಿ ನಡೆಸುವ ವನಜಾ, "ಸ್ಕೂಲಲ್ಲಿ ಟೆಸ್ಟೆಲ್ಲಾ ಈಗ ಕಂಪ್ಯೂಟರಲ್ಲೇ. ಪಾಪ, ಮಕ್ಕಳಿಗೆ ಅಕ್ಷರ ಹುಡುಕೋದ್ರಲ್ಲೇ ಟೈಮ್ ಮುಗಿಯತ್ತೆ. ನೀವೊಂದು ಕ್ಲಾಸ್ ತಗೊಳ್ಳಿ" ಎಂದಾಗ ಕೂಡಲೇ ಒಪ್ಪಿಕೊಂಡೆ.

ಒಂದು ಸಣ್ಣ ಸಂಗತಿ ಹೇಳಲಿಲ್ಲ. ನಾನು ಟೈಪ್ ಮಾಡುವುದು ಎರಡೇ ಬೆರಳಿನಲ್ಲಿ.

ಹೆಂಡತಿ ಸುಮಾಗೆ ಇದು ಗೊತ್ತು. "ರೀ, ಕೋಳಿ ಕಾಳು ಹೆಕ್ಕಿದ ಹಾಗೆ ಟೈಪ್ ಮಾಡ್ತೀರಿ. ನೀವು ಕಲಿಸೋದಾ?"

ಮೂರನೇ ಕ್ಲಾಸಿನ ಮಗಳು ಮಹತಿಗೆ ಗೊತ್ತಿರಲಿಲ್ಲ. ನಾನು ಬಾಗಿಲು ಹಾಕಿಕೊಂಡು ಕೆಲಸ ಮಾಡುವವನು. "ಮೈ ಡ್ಯಾಡ್ ಟೈಪ್ಸ್ ವಿತೌಟ್ ಲುಕಿಂಗ್" ಎಂದು ಅವಳು ತರಗತಿಯ ತುಂಬ ಸಾರಿಬಿಟ್ಟಿದ್ದಳು. ಹೇಗಾದರೂ ಅವಳ ಮಾತು ಉಳಿಸಬೇಕಿತ್ತು.

ಆ ಭಾನುವಾರವೇ ಆಯುಧಪೂಜೆ. ಮಕ್ಕಳ ಲ್ಯಾಪ್‌ಟಾಪ್‌ಗಳನ್ನು ಸಾಲಾಗಿ ಜೋಡಿಸಿದ್ದರು. ವನಜಾ ಕುಂಕುಮದ ಬಟ್ಟಲು ತಂದಾಗ ನನಗೊಂದು ಮಹತ್ತರ ಶೈಕ್ಷಣಿಕ ಚಿಂತನೆ ಹೊಳೆಯಿತು. ಲ್ಯಾಪ್‌ಟಾಪಿನ ಮುಚ್ಚಳದ ಮೇಲೇಕೆ ಇಡಬೇಕು? ಹೆಬ್ಬೆರಳು ಬಿಟ್ಟು ಮಿಕ್ಕ ಬೆರಳು ಕೂರಬೇಕಾದ ಎಂಟು ಕೀಲಿಗಳ ಮೇಲೇ ಬೊಟ್ಟಿಟ್ಟರೆ ಪೂಜೆಯೂ ಆಯಿತು, ಪಾಠವೂ ಆಯಿತು. ಉದುರದಿರಲೆಂದು ಕುಂಕುಮವನ್ನು ಎಣ್ಣೆಯಲ್ಲಿ ಕಲಸಿದೆ.

"ಎಣ್ಣೇನಾ?" ಎಂದರು ವನಜಾ.

"ನಿಲ್ಲತ್ತೆ ಮೇಡಂ."

ನಿಂತಿತು. ಬೆರಳುಗಳ ಮೇಲೆ, ಮೂಗುಗಳ ಮೇಲೆ, ಬಾಡಿಗೆ ಹಾಲ್‌ನ ಬಿಳಿ ಗೋಡೆಯ ಮೇಲೆ.

ಮಕ್ಕಳು ಚಪ್ಪಾಳೆ ತಟ್ಟಿದರು ಎಂದು ಇಲ್ಲಿ ಮೊದಲು ಬರೆದಿದ್ದೆ. ಅಳಿಸಿದೆ. ಸುಮಾ ಹೇಳುವಂತೆ ಅವರು ತಟ್ಟಿದ್ದು ಒಬ್ಬರ ಬೆನ್ನನ್ನೊಬ್ಬರು, ಅಂಗಿಯ ಮೇಲೆ ಕೈಯಚ್ಚು ಮೂಡಿಸಲು. ಇರಬಹುದು. ನನ್ನ ನೆನಪು ಯಾವಾಗಲೂ ನನ್ನ ಪಕ್ಷವೇ.

ತಾಯಂದಿರು ವೈಪ್ಸ್ ಹಿಡಿದು ಗೋಡೆಯತ್ತ ಓಡುತ್ತಿರುವಾಗಲೇ ನಾನು ಪ್ರಾತ್ಯಕ್ಷಿಕೆಗೆ ಕುಳಿತೆ. ಹಾಗೆಯೇ ಬೊಟ್ಟಿಟ್ಟಿದ್ದ ನನ್ನ ಕೀಬೋರ್ಡಿಗೆ ಟವೆಲ್ ಹೊದಿಸಿ, ಅದರೊಳಗೆ ಕೈ ತೂರಿಸಿ, ಚಾವಣಿ ನೋಡುತ್ತಾ ಒಂದು ವಾಕ್ಯ ಕುಟ್ಟಿದೆ. ವಾರವಿಡೀ ಗುಟ್ಟಾಗಿ ಅಭ್ಯಾಸ ಮಾಡಿದ್ದ ಒಂದೇ ಒಂದು ವಾಕ್ಯ. ಒಂದೂ ತಪ್ಪಿಲ್ಲ! ಮಹತಿ ಎದೆಯುಬ್ಬಿಸಿ ಸುತ್ತ ನೋಡಿದಳು.

ಆಮೇಲೆ ಟವೆಲ್ಲಿನಿಂದ ಕೈ ಹೊರಗೆ ತೆಗೆದೆ.

ಮಕ್ಕಳದೆಲ್ಲ ಎಂಟೆಂಟು ಬೆರಳು ಕೆಂಪು. ನನ್ನವು ಎರಡೇ.

"ಅಂಕಲ್, ವೇರ್ ಆರ್ ದಿ ಅದರ್ ಸಿಕ್ಸ್?" ಮುಂದೆ ಕೂತಿದ್ದ ಹುಡುಗಿ ವಿನಯದಿಂದಲೇ ಕೇಳಿದಳು.

ಮಹತಿ ನನ್ನ ಕೈಗಳನ್ನು ನೋಡಿದಳು, ಮುಖ ನೋಡಿದಳು. ಅತ್ತುಬಿಡುತ್ತಾಳೆ ಎಂದುಕೊಂಡೆ. ಅವಳು ಎದ್ದು ಬಂದು ನನ್ನ ಬೆರಳುಗಳನ್ನು ಒಂದೊಂದಾಗಿ ಕೀಲಿಗಳ ಮೇಲೆ ಕೂರಿಸಿದಳು.

"ಅಪ್ಪ, ಡೋಂಟ್ ಲುಕ್ ಡೌನ್" ಎಂದು ಗದರಿ, ತರಗತಿಯತ್ತ ತಿರುಗಿ ವಿವರಿಸಿದಳು: "ಹೀ ಈಸ್ ನ್ಯೂ."

ಎಲ್ಲರೂ ನಕ್ಕರು. ಅವಳೂ ನಕ್ಕಳು. ಈಗ ಭಾನುವಾರಗಳಲ್ಲಿ ನಾನು ಒಂದನೇ ಕ್ಲಾಸಿನ ಮಕ್ಕಳ ಸಾಲಿನಲ್ಲಿ ಮೊಣಕಾಲು ಮಡಚಿ ಕೂರುತ್ತೇನೆ. ಪಾಠ ಮಾಡುವವಳು ಮಹತಿ. ಹೋದ ವಾರ ಪಕ್ಕದ ಹುಡುಗನಿಗೆ 'ಸೂಪರ್ ಸ್ಟಾರ್' ಸ್ಟಿಕರ್ ಸಿಕ್ಕಿತು. ನನಗೂ ಒಂದು ಅಂಟಿಸಿದಳು. ಅದರಲ್ಲಿ 'ಗುಡ್ ಟ್ರೈ' ಎಂದಿತ್ತು.