ಚುರುಕುತನದ ಪ್ರಮಾಣಪತ್ರ

ಬಲ್ಗೇರಿಯಾದ ಡ್ರೆನೊವಿಸಾ ಪಟ್ಟಣದಲ್ಲಿ ಕೆಲಸವಿಲ್ಲದ ವ್ಯಕ್ತಿಯೊಬ್ಬ ಚುರುಕಾಗಿದ್ದಾನೆಯೇ ಎಂಬುದನ್ನು ಆತನನ್ನು ನೋಡಿ ನಿರ್ಧರಿಸತಕ್ಕದ್ದಲ್ಲ. ಚುರುಕುತನದ ಇಂಗ್ಲಿಷ್ ಪದಗಳು ಆತನಿಗೆ ಬರುತ್ತವೆಯೇ ಎಂದು ಕೇಳಿ ನಿರ್ಧರಿಸತಕ್ಕದ್ದು. ಇಂಥವರಿಗೆ ಕೆಲಸ ಕೊಡಿಸುವ ಯೋಜನೆಗೆ ದುಡ್ಡು ಕೊಟ್ಟವರು ದೂರದವರು. ಬಲ್ಗೇರಿಯನ್ ಭಾಷೆಯ ಚುರುಕುತನ ಅವರಿಗೆ ಅರ್ಥವಾಗುವುದಿಲ್ಲ. ಆದ್ದರಿಂದ ನಿಯಮ ನ್ಯಾಯವಾಗಿಯೇ ಇತ್ತು.

ಜ್ಲಾತೀನಾಗೆ ಬೇಕಾಗಿದ್ದದ್ದು ಶಿಶುವಿಹಾರದ ಅಡುಗೆಯವಳ ಕೆಲಸ. ನೂಲಿನ ಗಿರಣಿ ಮುಚ್ಚುವವರೆಗೂ ಅದರ ಕ್ಯಾಂಟೀನನ್ನು ಒಬ್ಬಳೇ ನಡೆಸಿದ ಹೆಂಗಸು. ಶಿಶುವಿಹಾರದ ಮುಖ್ಯಸ್ಥೆ ಡೋಚ್ಕಾಗೂ ಅವಳೇ ಬೇಕಾಗಿತ್ತು, ಏಕೆಂದರೆ ಮಕ್ಕಳು ಬೇಸಿಗೆಯಿಡೀ ಒಣ ಬ್ರೆಡ್ಡು ತಿಂದು ಬೇಸತ್ತಿದ್ದವು. ಆದರೆ ಚುರುಕುತನದ ಪ್ರಮಾಣಪತ್ರವಿಲ್ಲದೆ ಯಾರನ್ನೂ ಒಲೆಯ ಹತ್ತಿರ ಬಿಡುವಂತಿರಲಿಲ್ಲ.

ಆ ಪ್ರಮಾಣಪತ್ರ ಕೊಡುವ ತರಗತಿ ಸೆಪ್ಟೆಂಬರಿಗೆ ಬಂತು. ಸೆಪ್ಟೆಂಬರೆಂದರೆ ಊರಿನ ಅಂಗಳಗಳಲ್ಲೆಲ್ಲ ಕೆಂಪು ದಪ್ಪ ಮೆಣಸಿನಕಾಯಿ ಸುಡುವ ಕಾಲ. ಸುಟ್ಟು, ಸಿಪ್ಪೆ ತೆಗೆದು, ಜಾಡಿಗೆ ತುಂಬದಿದ್ದರೆ ಚಳಿಗಾಲಕ್ಕೆ ಮನೆಯಲ್ಲಿ ಏನೂ ಇರುವುದಿಲ್ಲ. ಈ ವಿಷಯ ಉದ್ಯೋಗ ಕಚೇರಿಯ ಅಧಿಕಾರಿ ಸ್ಪಾಸ್‌ಗೂ ಗೊತ್ತಿತ್ತು, ಅವನ ಹೆಂಡತಿ ದಿನವೂ ನೆನಪಿಸುತ್ತಿದ್ದಳು. ಆದರೆ ತರಗತಿಗೆ ಅವನೇ ಮೇಷ್ಟ್ರು.

ಪದಗಳು ಹೀಗಿದ್ದವು: ಆಕ್ಟಿವ್, ಎನರ್ಜೆಟಿಕ್, ಡೈನಾಮಿಕ್, ಬಿಜಿ. ಇವುಗಳನ್ನು ಕಲಿಯುವಾಗ ಅಭ್ಯರ್ಥಿಗಳು ಕೈ ಮೇಜಿನ ಮೇಲಿಟ್ಟು ಅಲುಗಾಡದೆ ಕೂರತಕ್ಕದ್ದು. ಜ್ಲಾತೀನಾ ಮೇಜಿನ ಕೆಳಗೆ ಮೆಣಸಿನಕಾಯಿ ಸಿಪ್ಪೆ ತೆಗೆಯುತ್ತಾ ಸಿಕ್ಕಿಬಿದ್ದಳು. ಮರುದಿನ ಬಾಗಿಲಿಗೆ ಪ್ರಕಟಣೆ ಅಂಟಿತು: ತರಗತಿಯಲ್ಲಿ ಚಟುವಟಿಕೆಯಿಂದಿರುವವರ ಮೇಲೆ ಕ್ರಮ ಜರುಗಿಸಲಾಗುವುದು.

ಅಭ್ಯರ್ಥಿಗಳಲ್ಲಿ ಎಲ್ಲರಿಗಿಂತ ಹೆಚ್ಚು ಮೆಚ್ಚುಗೆ ಗಳಿಸಿದವನು ಬೊಝಿಲ್. ಕಾಫಿ ಅಂಗಡಿಯ ಮುಂದಿನ ಕುರ್ಚಿಯಲ್ಲಿ ವರ್ಷಗಟ್ಟಲೆ ಕೂತು ಅವನಿಗೆ ಒಳ್ಳೆಯ ಅಭ್ಯಾಸವಾಗಿತ್ತು.

ಪರೀಕ್ಷೆಯ ದಿನ ಜ್ಲಾತೀನಾ ಎಲ್ಲ ಪದಗಳನ್ನೂ ಬಾಯಿಪಾಠ ಮಾಡಿಕೊಂಡು ಬಂದಳು. ಮೂರು ಪದ ಸರಾಗವಾಗಿ ಒಪ್ಪಿಸಿದಳು. ನಾಲ್ಕನೆಯದು ಬಾಯಿಗೆ ಬರುವಷ್ಟರಲ್ಲಿ ಕಿಟಕಿಯಿಂದ ಹೊಗೆಯ ವಾಸನೆ ಬಂತು. ಕಚೇರಿಯ ಹಿಂದೆಯೇ ಅವಳ ಅಂಗಳ. ಮೆಣಸಿನಕಾಯಿ ಸುಡುವ ಒಲೆ ಸಣ್ಣಗೆ ಮಾಡಿ ಬಂದಿದ್ದಳು, ಗಾಳಿ ಅದನ್ನು ದೊಡ್ಡದು ಮಾಡಿತ್ತು. ಕುರ್ಚಿ ಬಿದ್ದದ್ದೂ ನೋಡದೆ ಅವಳು ಓಡಿದಳು. ಹಾಗೆ ಓಡಿದವರನ್ನು ಆ ಬೀದಿ ಇತ್ತೀಚೆಗೆ ಕಂಡಿರಲಿಲ್ಲ.

ಮಸಿ ಮೆತ್ತಿದ ಕೈಯಲ್ಲಿ ವಾಪಸು ಬಂದಾಗ ಸ್ಪಾಸ್ ಆಗಲೇ ಬರೆದು ಮುಗಿಸಿದ್ದ.

"ಪರೀಕ್ಷೆ ಮಧ್ಯೆ ಎದ್ದು ಹೋದ್ರೆ ನಿಷ್ಕ್ರಿಯ ಅಂತ್ಲೇ ಬರೀಬೇಕು, ಅಕ್ಕಾ."

"ನಾನು ಓಡಿದ್ದು ನೋಡ್ಲಿಲ್ವಾ ನೀವು?"

"ನೋಡ್ದೆ. ಚೆನ್ನಾಗೇ ಓಡಿದ್ರಿ. ಆದ್ರೆ ಬಲ್ಗೇರಿಯನ್‌ನಲ್ಲಿ ಓಡಿದ್ರಿ."

ಜ್ಲಾತೀನಾಗೆ ಅಳು ಬಂತು. ಕಣ್ಣೊರೆಸಿಕೊಳ್ಳಲು ಹೋಗಿ ಮುಖಕ್ಕೆಲ್ಲ ಮಸಿ ಹಚ್ಚಿಕೊಂಡಳು.

ನಿಯಮದ ಪ್ರಕಾರ ಅಡುಗೆ ಕೆಲಸ ಪರೀಕ್ಷೆ ಪಾಸಾದ ಬೊಝಿಲ್‌ಗೆ ಸಿಕ್ಕಿತು. ಅವನು ಪ್ರಾಮಾಣಿಕ ಮನುಷ್ಯ, ನೀರು ಕಾಯಿಸಲೂ ಬರುವುದಿಲ್ಲವೆಂದು ಮೊದಲ ದಿನವೇ ಹೇಳಿಬಿಟ್ಟ. ಡೋಚ್ಕಾ ಬೇರೆ ದಾರಿ ಕಾಣದೆ ಜ್ಲಾತೀನಾಳನ್ನು ಕರೆಸಿದಳು. ಮಕ್ಕಳ ಮುಖ ನೋಡಿ ಅವಳು ಬಂದಳು. ಹುದ್ದೆ, ಸಂಬಳ, ಬಿಳಿ ಟೋಪಿ ಬೊಝಿಲ್‌ನದು. ಬೇಳೆ, ಸೌಟು, ಬೆವರು ಇವಳದು. ದಾಖಲೆಯಲ್ಲಿ ಅವಳನ್ನು 'ಅಡುಗೆಮನೆಯಲ್ಲಿರುವ ನಿಷ್ಕ್ರಿಯ ವ್ಯಕ್ತಿ' ಎಂದು ನಮೂದಿಸಲಾಯಿತು.

ವಸಂತಕಾಲದಲ್ಲಿ ರಾಜಧಾನಿ ಸೋಫಿಯಾದಿಂದ ತಪಾಸಣಾಧಿಕಾರಿಣಿ ಬಂದರು, ಸ್ಪಾಸ್ ಅವರನ್ನು ಶಿಶುವಿಹಾರಕ್ಕೆ ಕರೆತಂದ. ಬೊಝಿಲ್ ಕೂತಲ್ಲಿಂದಲೇ ನಾಲ್ಕೂ ಪದ ಹೇಳಿದ. ಎರಡೂ ಕೈಯಲ್ಲಿ ಪಾತ್ರೆ ಹಿಡಿದು ಓಡಾಡುತ್ತಿದ್ದವಳನ್ನು ತೋರಿಸಿ ಅವಳು ಯಾರೆಂದು ತಪಾಸಣಾಧಿಕಾರಿಣಿ ಕೇಳಿದರು. ಡೋಚ್ಕಾ ದಾಖಲೆಯಲ್ಲಿದ್ದಂತೆ ಉತ್ತರಿಸಿದಳು. ಅವರಿಗೆ ಮರುಕವಾಯಿತು. ಸೂಪು ಕುಡಿದರು, ಇನ್ನೊಂದು ಬಟ್ಟಲು ಕೇಳಿದರು, ಪಾಪ, ಈಕೆಯನ್ನು ಮುಂದಿನ ತರಗತಿಗೆ ಕಳಿಸಿ ಉದ್ಧಾರ ಮಾಡಿ ಎಂದರು.

ಜ್ಲಾತೀನಾ ಪಾತ್ರೆ ಕೆಳಗಿಟ್ಟಳು. ಆ ಪ್ರಮಾಣಪತ್ರ ಕೈಗೆ ಬಂದರೆ ಕೆಲಸ ತನ್ನದೇ. "ಕಳಿಸಿ, ಹೋಗ್ತೀನಿ," ಎಂದಳು.

ಡೋಚ್ಕಾ ಸ್ಪಾಸ್‌ನನ್ನು ನೋಡಿದಳು, ಸ್ಪಾಸ್ ಬೊಝಿಲ್‌ನನ್ನು ನೋಡಿದ, ಬೊಝಿಲ್ ಒಲೆಯನ್ನು ನೋಡಿ ಬೆಚ್ಚಿದ. ಚರ್ಚೆ ದೀರ್ಘವಾಗಿ ನಡೆಯಿತು. ಕೊನೆಗೆ ಸರ್ವಾನುಮತದ ತೀರ್ಮಾನವನ್ನು ಡೋಚ್ಕಾ ಓದಿ ಹೇಳಿದಳು: ಸದರಿ ನಿಷ್ಕ್ರಿಯ ವ್ಯಕ್ತಿಗೆ ಕೆಲಸದಿಂದ ಒಂದು ಗಳಿಗೆಯೂ ಪುರಸೊತ್ತಿಲ್ಲದ ಕಾರಣ ಚುರುಕುತನದ ತರಬೇತಿಗೆ ಕಳಿಸಲು ಸಾಧ್ಯವಿಲ್ಲ.

ಅದು ಸರಿಯೆಂದು ಎಲ್ಲರಿಗೂ ಅನ್ನಿಸಿತು. ಸೂಪು ಉಕ್ಕುತ್ತಿದ್ದುದರಿಂದ ಜ್ಲಾತೀನಾಗೆ ವಿರೋಧಿಸಲೂ ಸಮಯವಾಗಲಿಲ್ಲ.