ಕುರ್ಚಿಗೆ ಕಟ್ಟಿದ ಗಂಟೆ

ನಾನು ಯಾವ ವಸ್ತುವನ್ನೂ ಮೊದಲ ಸಲಕ್ಕೆ ಅಂಗೈಯಿಂದ ಮುಟ್ಟಿದವನಲ್ಲ. ಕೈಯ ಹಿಂಬದಿಯಿಂದ ಮುಟ್ಟುತ್ತೇನೆ. ಇದು ನಮ್ಮ ಕಸುಬಿನವರ ಪಾಠ. ಕರೆಂಟು ಹರಿಯುತ್ತಿರುವ ಕಬ್ಬಿಣವನ್ನು ಅಂಗೈಯಿಂದ ಮುಟ್ಟಿದರೆ ಬೆರಳುಗಳು ಮಡಚಿಕೊಂಡು ಅದನ್ನೇ ಹಿಡಿದುಬಿಡುತ್ತವೆ. ಹಿಂಬದಿಯಿಂದ ಮುಟ್ಟಿದರೆ ಕೈ ತಾನಾಗಿ ಹಿಂದಕ್ಕೆ ಹಾರುತ್ತದೆ. ಎಸ್ಸೆಸ್ಸೆಲ್ಸಿ ಮುಗಿಸಿ ಹೊಸಪೇಟೆಯ ಒಂದು ಅಂಗಡಿಯಲ್ಲಿ ಮೋಟರ್ ವೈಂಡಿಂಗ್ ಕಲಿಯುವಾಗ ಮೈಗೆ ಹತ್ತಿದ ಈ ಪಾಠ ಆಮೇಲೆ ಬಿಡಲೇ ಇಲ್ಲ. ಕನ್ಯೆ ನೋಡಲು ಮೆಟ್ರಿ ಎಂಬ ಹಳ್ಳಿಗೆ ಹೋದಾಗ ಹುಡುಗಿ ತಂದಿಟ್ಟ ಚಹಾದ ಲೋಟವನ್ನೂ ಕೈಯ ಹಿಂಬದಿ ತಾಗಿಸಿ ನೋಡಿದೆ. ಅವರ ಮನೆಗೆ ಆಗಿನ್ನೂ ಕರೆಂಟೇ ಬಂದಿರಲಿಲ್ಲ. "ಹುಡುಗ ಭಾಳ ಹುಷಾರದಾನ" ಎಂದು ಮಾವನವರು ಮೆಚ್ಚಿಕೊಂಡರು. ಅದು ಹುಷಾರಲ್ಲ, ಅನುಮಾನ ಎಂಬುದನ್ನು ಆ ಹುಡುಗಿ, ಅಂದರೆ ನನ್ನ ಹೆಂಡತಿ ನೀಲಮ್ಮ, ಅವತ್ತೇ ಕಂಡುಕೊಂಡಿದ್ದಳಂತೆ. ನನಗೆ ಹೇಳಿದ್ದು ಮಾತ್ರ ಮದುವೆಯಾದ ಮೇಲೆ.

ಅನುಮಾನದ ಮನುಷ್ಯನಿಗೆ ಕೆಲಸ ಕಡಿಮೆ ಇದ್ದರೆ ಊರಿಗೆ ಕ್ಷೇಮ. ನನಗೆ ಕೆಲಸ ಹೆಚ್ಚಾದದ್ದು ಅದಿರಿನ ಕಾಲದಲ್ಲಿ. ಸಂಡೂರಿನ ಗುಡ್ಡದ ಕೆಂಪು ಮಣ್ಣು ಲಾರಿ ಹತ್ತಿ ಹೋಗುತ್ತಿತ್ತು, ಅದರ ಧೂಳು ನಮ್ಮ ಅನ್ನದ ಮೇಲೂ ಕೂರುತ್ತಿತ್ತು. ಮನೆಮನೆಗೆ ಮಿಕ್ಸಿ, ಗೀಜರು, ಬಟ್ಟೆ ಒಗೆಯುವ ಮಷಿನ್ನು ಬಂದವು. ಸುಟ್ಟುಹೋದವೆಲ್ಲ ನನ್ನ ಅಂಗಡಿಗೆ ಬಂದವು. ದಿನವೆಲ್ಲ ಸುಟ್ಟ ವಾಸನೆ ಕುಡಿದು ಮನೆಗೆ ಬಂದರೆ ನನ್ನ ಮನೆಯ ಸಾಮಾನುಗಳೂ ಒಳಸಂಚು ಮಾಡುತ್ತಿವೆ ಅನ್ನಿಸುತ್ತಿತ್ತು. ಹೀಗೆ ನಾನು ಸುರಕ್ಷತಾ ಸಾಧನಗಳನ್ನು ಕಂಡುಹಿಡಿಯತೊಡಗಿದೆ. ಇಸ್ತ್ರಿಪೆಟ್ಟಿಗೆಯನ್ನು ಬಟ್ಟೆಯ ಮೇಲೆ ಮರೆತು ಹೋದರೆ ಬಾರಿಸಲೆಂದು ಅದಕ್ಕೊಂದು ಗಂಟೆ ಇಟ್ಟೆ. ಅದು ಮರೆಯದೆ ಇಸ್ತ್ರಿ ಮಾಡುವಾಗಲೂ ಬಾರಿಸುತ್ತಿತ್ತು. ಪಕ್ಕದ ಮನೆಯ ಹುಲಿಗೆಮ್ಮ ಒಂದೆರಡು ಸಲ ಮಂಗಳಾರತಿಯೆಂದು ಕೈಮುಗಿದುಕೊಂಡು ಬಂದು, ನನ್ನ ಪೈಜಾಮವನ್ನು ನೋಡಿ ಹಿಂದಿರುಗಿದಳು.

ಆಮೇಲೆ ಮಿಕ್ಸಿಯ ಸರದಿ. ಯಾರದೋ ಮನೆಯಲ್ಲಿ ತಿರುಗುವ ಜಾರಿಗೆ ಬೆರಳು ಹಾಕಿ ಅನಾಹುತವಾಯಿತೆಂದು ಕೇಳಿ, ನಮ್ಮ ಮಿಕ್ಸಿಯ ಆಚೆ ಈಚೆ ಎರಡು ಗುಂಡಿ ಕೂರಿಸಿದೆ. ಎರಡೂ ಕೈಯಿಂದ ಎರಡೂ ಗುಂಡಿ ಒತ್ತಿ ಹಿಡಿದರೆ ಮಾತ್ರ ಮಿಕ್ಸಿ ತಿರುಗಬೇಕು. ಎರಡೂ ಕೈ ಹೊರಗಿದ್ದರೆ ಬೆರಳು ಒಳಗೆ ಹೋಗುವುದೆಲ್ಲಿಂದ? ನನ್ನ ಬುದ್ಧಿಗೆ ನಾನೇ ತಲೆದೂಗಿದೆ. ಅಂದಿನಿಂದ ಮಿಕ್ಸಿಯ ಸದ್ದೇ ಕೇಳದಾಯಿತು. ನನ್ನ ಕೈಗುಣದಿಂದ ಗದ್ದಲವೂ ಅಡಗಿತು ಎಂದುಕೊಂಡೆ. ಚಟ್ನಿಯ ರುಚಿ ಕೂಡ ಹೆಚ್ಚಿತ್ತು. ಅದರ ಕೀರ್ತಿಯನ್ನೂ ನಾನೇ ತೆಗೆದುಕೊಂಡೆ. ನೀಲಮ್ಮ ಆಗೀಗ ಗೋಡೆ ಹಿಡಿದುಕೊಂಡು ಏಳುತ್ತಿದ್ದಳು. ಗೋಡೆಯಲ್ಲಿ ಕರೆಂಟು ಬರುತ್ತಿದೆಯೇನೋ ಎಂದು ಟೆಸ್ಟರ್ ಹಚ್ಚಿ ನೋಡಿದೆ, ಬರುತ್ತಿರಲಿಲ್ಲ.

ಇಂಥ ದಿನಗಳಲ್ಲಿ ನೀಲಮ್ಮನ ತಮ್ಮ ಪಂಪಾಪತಿ ಟಿಪ್ಪರಿನಲ್ಲಿ ಒಂದು ಕುರ್ಚಿ ತಂದ. ಅವನು ಸಂಡೂರಿನಲ್ಲಿ ಅದಿರು ಸಾಗಿಸುವ ಟಿಪ್ಪರುಗಳನ್ನು ಇಟ್ಟುಕೊಂಡು ಚೆನ್ನಾಗಿದ್ದ. ಕುರ್ಚಿ ಕರಿ ಚರ್ಮದ್ದು, ಎಮ್ಮೆಯೊಂದು ಮಲಗಿದಂತಿತ್ತು. ಕೂತವರ ಬೆನ್ನನ್ನು ಒಳಗಿನಿಂದ ತಿಕ್ಕುವ ಮಸಾಜ್ ಕುರ್ಚಿ.

"ಮಾಮಾ, ಇದರ ರಿಮೋಟು ಕೆಟ್ಟೈತಿ. ಅದರ ಮ್ಯಾಲೆ ಬರ್ದಿದ್ದು ಯಾವ ಭಾಷಿನೋ ಯಾರಿಗೂ ತಿಳಿಯಂಗಿಲ್ಲ. ನೀವ ಏನರ ಮಾಡ್ರಿ. ಅವಸರಿಲ್ಲ, ಇಲ್ಲೇ ಇರ್ಲಿ."

ಅವಸರವಿಲ್ಲ! ಅದಿರಿನ ಕಾಲದಲ್ಲಿ ಅವಸರವಿಲ್ಲದ ಟಿಪ್ಪರಿನವನನ್ನು ಯಾರಾದರೂ ಕಂಡಿದ್ದೀರಾ? ಊರಲ್ಲಿ ದಿನಕ್ಕೊಂದು ಇನ್‌ಕಮ್ ಟ್ಯಾಕ್ಸ್ ರೇಡಿನ ಸುದ್ದಿ ಹಬ್ಬುತ್ತಿತ್ತು. ಅವನು ಅತ್ತ ಹೋದದ್ದೇ ತಡ, ಕುರ್ಚಿಯನ್ನು ಬೋರಲು ಹಾಕಿ ಬೆನ್ನು ಬಿಚ್ಚಿದೆ. ನೋಟಿನ ಕಂತೆ ಇರಲಿಲ್ಲ. ಲಟ್ಟಣಿಗೆಯಂಥ ಉರುಳೆ ಎರಡಿದ್ದವು, ಅಷ್ಟೆ. ಸುಮ್ಮನಿರಬಹುದಿತ್ತು. ಮುಂದಿನ ಸಲ ಪಂಪಾಪತಿ ಬಂದಾಗ ಮುಖಕ್ಕೇ ಕೇಳಿದೆ, "ಇದನ್ನ ನಮ್ಮ ಮನ್ಯಾಗ ಯಾಕ ಅಡಗಿಸಿ ಇಟ್ಟೀದಿ, ಖರೇ ಹೇಳು." ಅವನು ಅಕ್ಕನ ಮುಖ ನೋಡಿದ, ಅಕ್ಕ ನೆಲ ನೋಡಿದಳು. ಚಹಾ ಅರ್ಧಕ್ಕೆ ಬಿಟ್ಟು ಎದ್ದು ಹೋದವನು ಮತ್ತೆ ನಮ್ಮ ಕಡೆ ಸುಳಿಯಲಿಲ್ಲ. ನೋಡಿ, ಕಳ್ಳನ ಮನಸ್ಸು ಹುಳ್ಳುಳ್ಳಗೆ ಎಂದು ನನ್ನ ಅನುಮಾನಕ್ಕೆ ನಾನೇ ಶಾಲು ಹೊದಿಸಿದೆ.

ಆದರೂ ಕುರ್ಚಿಯನ್ನು ರಿಪೇರಿ ಮಾಡದೆ ಬಿಡಲು ಕೈ ಕೇಳಲಿಲ್ಲ. ರಿಮೋಟು ಕಿತ್ತು ಎಸೆದೆ. ತಿಕ್ಕುವ ವೇಗಕ್ಕೆ ಫ್ಯಾನಿನ ರೆಗ್ಯುಲೇಟರ್ ಹಾಕಿದೆ. ನಡೆಸಲು, ನಿಲ್ಲಿಸಲು ಹಳೆಯ ಬಸ್ಸಿನ ಕಂಡಕ್ಟರ್ ಎಳೆಯುತ್ತಿದ್ದಂಥ ಹಗ್ಗ, ಅದರ ತುದಿಗೊಂದು ಗಂಟೆ. ಎರಡು ಸಲ ಎಳೆದರೆ ರೈಟ್, ಒಂದು ಸಲ ಎಳೆದರೆ ಸ್ಟಾಪ್. ಇದಕ್ಕೆ ಯಾವ ಭಾಷೆಯೂ ಬೇಕಿಲ್ಲ. ದಿನಾ ಸಂಜೆ ನಾನೇ ಕೂತು ಪರೀಕ್ಷೆ ಮಾಡುತ್ತಿದ್ದೆ. ನೀಲಮ್ಮ ಬಾಗಿಲಲ್ಲಿ ನಿಂತು, "ಬೆನ್ನಿಗೆ ಹಿತ ಆಗ್ತೈತೇನ್ರಿ?" ಎಂದು ಕೇಳುತ್ತಿದ್ದಳು. "ಇದು ಇನ್ನೂ ಪರೀಕ್ಷಾದಾಗ ಐತಿ, ಹೆಣ್ಮಕ್ಕಳು ಮುಟ್ಟೂದು ಬ್ಯಾಡ" ಎಂದು ನಾನು ಕಣ್ಣು ಮುಚ್ಚಿಕೊಳ್ಳುತ್ತಿದ್ದೆ.

ಒಂದು ಸಂಜೆ ಅಂಗಡಿಯಿಂದ ಬಂದು ರೂಢಿಯಂತೆ ಕೈಯ ಹಿಂಬದಿಯಿಂದ ಕುರ್ಚಿ ಮುಟ್ಟಿದೆ. ಬೆಚ್ಚಗಿತ್ತು. ಸುತ್ತ ನೋಡಿದೆ. ಟಿವಿಯ ಮೇಲೆ ಕೆಂಪು ಧೂಳು, ಕಿಟಕಿಯ ಮೇಲೆ ಕೆಂಪು ಧೂಳು, ದೇವರ ಫೋಟೋವನ್ನೂ ಬಿಟ್ಟಿರಲಿಲ್ಲ. ಕುರ್ಚಿಯ ಮೇಲೆ ಮಾತ್ರ ಒಂದು ಕಣವಿಲ್ಲ. ನಾನಿಲ್ಲದಾಗ ಯಾರೋ ನನ್ನ ಪರೀಕ್ಷೆಯನ್ನು ತಾವು ಮಾಡುತ್ತಿದ್ದಾರೆ!

ಯಾರೆಂದು ಕೇಳಿದರೆ ಯಾರು ಹೇಳುತ್ತಾರೆ? ಅದಕ್ಕೇ ಸೀಟಿನ ಕೆಳಗೆ ಒಂದು ಬಿರುಸಾದ ಸ್ಪ್ರಿಂಗು, ಒಂದು ಸ್ವಿಚ್ಚು ಇಟ್ಟೆ. ಕೂತವರು ನನ್ನಷ್ಟು ಭಾರವಿದ್ದರೆ ಮಾತ್ರ ಸ್ಪ್ರಿಂಗು ತಗ್ಗಿ ಕರೆಂಟು ಹರಿಯಬೇಕು. ನೀಲಮ್ಮನಿಗೆ, "ಸಣ್ಣ ಹುಡುಗರು ಹತ್ತಿದ್ರ ಅಪಾಯ, ಅದಕ್ಕ" ಎಂದೆ.

"ನಮ್ಮ ಮನ್ಯಾಗ ಸಣ್ಣ ಹುಡುಗರು ಯಾರದಾರ್ರಿ?"

"ಬಂದ್ರ?"

ಅವಳು ಗೋಡೆ ಹಿಡಿದುಕೊಂಡು ಒಳಗೆ ಹೋದಳು.

ಮರುವಾರವೂ ಕುರ್ಚಿ ಬೆಚ್ಚಗಿತ್ತು. ನೀಲಮ್ಮ ಹಗುರ ಹೆಂಗಸು, ಅವಳಿಗೆ ಸ್ಪ್ರಿಂಗು ಜಗ್ಗುವುದಿಲ್ಲ. ನನ್ನಷ್ಟು ತೂಕದವರು ಓಣಿಯಲ್ಲಿ ಇನ್ನು ಯಾರು? ಹುಲಿಗೆಮ್ಮ! ಮರುದಿನ ಬೆಳಿಗ್ಗೆ ಅವಳು ನೀರು ಹಿಡಿಯುತ್ತಿದ್ದಾಗ ಪತ್ತೇದಾರನ ದನಿಯಲ್ಲಿ ಕೇಳಿದೆ, "ಏನ್ ಹುಲಿಗೆಮ್ಮಾ, ಬೆನ್ನು ಹೆಂಗೈತಿ ಈಗ? ಆರಾಮಾತಾ?"

ಅವಳು ಕೊಡ ಕೆಳಗಿಟ್ಟಳು. "ನನ್ನ ಬೆನ್ನಿಗೇನ್ ಧಾಡಿ ಆಗೈತಣ್ಣಾ? ಮನ್ಯಾಗಿನ ಬೆನ್ನು ಹೆಂಗೈತಿ ಅಂತ ಕೇಳ್ರಿ ಮದ್ಲು. ಊರ ಮಂದಿ ಮೋಟರ್ ಎಲ್ಲಾ ಬಿಚ್ಚಿ ನೋಡ್ತೀರಿ!"

ತಪ್ಪಿತಸ್ಥರು ಮಾತು ತಿರುಗಿಸುವುದು ಹೀಗೇ ಎಂದುಕೊಂಡೆ. ಈಗ ನೆನೆಸಿದರೆ ನಾಚಿಕೆಯಾಗುತ್ತದೆ. ಆಗ ಆಗಲಿಲ್ಲ.

ಅವತ್ತೇ ಕಂಪ್ಲಿಯ ಅಕ್ಕಿ ಗಿರಣಿಯಲ್ಲಿ ಮೋಟರ್ ಸುಟ್ಟಿದೆ, ಬರುವುದು ಸಂಜೆಯಾಗುತ್ತದೆ ಎಂದು ಹೇಳಿ ಮನೆ ಬಿಟ್ಟೆ. ಬಸ್ ಸ್ಟ್ಯಾಂಡಿನಲ್ಲಿ ಮಿರ್ಚಿ ತಿಂದು, ಮಧ್ಯಾಹ್ನದ ಹೊತ್ತಿಗೆ ಚಪ್ಪಲಿ ಕೈಯಲ್ಲಿ ಹಿಡಿದು ಹಿತ್ತಲಿನಿಂದ ಬಂದೆ. ಒಳಗೆ ಕುರ್ಚಿಯ ಗುರುಗುರು ಕೇಳುತ್ತಿತ್ತು. ಕಿಟಕಿಯಿಂದ ಇಣುಕಿದರೆ ಗಂಟೆಯ ನಾಲಿಗೆಗೆ ಹಳೆಯ ಕುಬಸದ ಚೂರು ಸುತ್ತಿತ್ತು. ಕುರ್ಚಿಯಲ್ಲಿ ನೀಲಮ್ಮ ಕಣ್ಣು ಮುಚ್ಚಿ ಕೂತಿದ್ದಳು. ಅವಳ ತೊಡೆಯ ಮೇಲೆ ಒಳ್ಳಿನ, ಅಂದರೆ ರುಬ್ಬುವ ಒರಳಿನ, ಗುಂಡುಕಲ್ಲು. ಕೂಸನ್ನು ಅಪ್ಪಿಕೊಂಡಂತೆ ಅದನ್ನು ಎರಡೂ ಕೈಯಿಂದ ಅಪ್ಪಿಕೊಂಡಿದ್ದಳು. ಅವಳೂ ನಡುಗುತ್ತಿದ್ದಳು, ಕಲ್ಲೂ ನಡುಗುತ್ತಿತ್ತು.

ನಾನು ಒಳಗೆ ಬಂದೆ. ಅವಳು ಹಗ್ಗವನ್ನು ಒಮ್ಮೆ ಎಳೆದು ನಿಲ್ಲಿಸಿ ಕಣ್ಣು ತೆರೆದಳು.

"ಬಂದ್ರಾ? ಕಂಪ್ಲಿ ಇವತ್ತು ಭಾಳ ಹತ್ರ ಬಂದೈತಲ್ರಿ."

"ಆ ಗುಂಡು ಯಾಕ ತೊಡಿ ಮ್ಯಾಲೆ?"

"ನಾ ಒಬ್ಬಾಕಿ ಕುಂತ್ರ ನಿಮ್ಮ ಕುರ್ಚಿ ನಡ್ಯಾಂಗಿಲ್ಲಲ್ಲ. ಮದ್ಲು ಜ್ವಾಳದ ಚೀಲ ಇಟ್ಕೊಂಡೆ, ಜಾರ್ತು. ಇದು ಜಾರಂಗಿಲ್ಲ."

"ಬೆನ್ನು ನೋಯ್ತೈತಿ ಅಂತ ನನಗ ಹೇಳಬಾರ್ದಾ?"

"ಹೇಳಿದ್ರ ಬೆನ್ನಿಗೂ ಒಂದು ಗಂಟಿ ಕಟ್ತಿದ್ರಿ."

ಏನಾದರೂ ಕೇಳಬೇಕಲ್ಲ ಎಂದು, ಮಿಕ್ಸಿ ಇರುವಾಗ ಒಳ್ಳಿನ ಗುಂಡು ಅಟ್ಟದಿಂದ ಕೆಳಗೆ ಬಂದದ್ದೇಕೆ ಎಂದೆ.

"ಎರಡೂ ಕೈ ಗುಂಡಿ ಮ್ಯಾಲಿದ್ರ ಜಾರಿನ ಮುಚ್ಚಳ ಹಿಡಿಯಾಕ ಯಾರನ್ನ ಕರೀಲಿ? ಮದ್ಲ ದಿನಾನ ಖಾರ ಎಲ್ಲಾ ಹಾರಿ ಸೂರಿಗೆ ಹತ್ತಿತ್ತು. ಅವತ್ತಿನಿಂದ ಒಳ್ಳಾಗ ರುಬ್ಬಾಕತ್ತೀನಿ. ಬೆನ್ನು ಹೋಗಿದ್ದು ಅದಕ್ಕ. ಪಂಪಾಪತಿ ನೋಡಲಾರದ ಈ ಕುರ್ಚಿ ತಂದ. ಅಕ್ಕಗ ಅಂದ್ರ ನೀವು ಇಸ್ಕೊಳ್ಳಂಗಿಲ್ಲ, ಏನೋ ಐತಿ ಅಂತೀರಿ. ಅದಕ್ಕ ರಿಪೇರಿ ಅಂದ. ಅದರಾಗೂ ಏನೋ ಐತಿ ಅಂದ್ರಿ."

ಗುಂಡನ್ನು ಅವಳ ತೊಡೆಯಿಂದ ಎತ್ತಿ ಕೆಳಗಿಡಲು ಹೋದೆ. ನನ್ನ ಸೊಂಟವೇ ಛಳಕ್ಕೆಂದಿತು. ಇದನ್ನು ಅವಳು ದಿನಾ ಎತ್ತಿ ಸ್ಟೂಲಿನ ಮೇಲಿಟ್ಟು, ಸ್ಟೂಲಿನಿಂದ ತೊಡೆಗೆ ಎಳೆದುಕೊಂಡು, ನೋವಿಗೆ ಮದ್ದು ಮಾಡಿಕೊಳ್ಳುತ್ತಿದ್ದಳು. ಕುರ್ಚಿ ಕೊಟ್ಟ ಹಿತವೆಲ್ಲ ಗುಂಡು ಎತ್ತುವುದಕ್ಕೇ ಖರ್ಚಾಗುತ್ತಿತ್ತು.

ಅವತ್ತೇ ಅವಳ ಎದುರಿಗೇ ಸ್ಪ್ರಿಂಗು ಕಿತ್ತೆ, ಮಿಕ್ಸಿಯ ಗುಂಡಿ ಬಿಚ್ಚಿದೆ, ಇಸ್ತ್ರಿಯ ಗಂಟೆಯನ್ನೂ ಬಿಡಲಿಲ್ಲ. ಮರುದಿನ ಸಂಡೂರಿಗೆ ಹೋಗಿ ಪಂಪಾಪತಿಯ ಕೈ ಹಿಡಿದುಕೊಂಡೆ. ಅವನು ದೊಡ್ಡ ಮನಸ್ಸಿನವನು, "ಇರ್ಲಿ ಬಿಡ್ರಿ ಮಾಮಾ, ಬಿಚ್ಚಿದಾಗ ಒಳಗ ಏನರ ಸಿಕ್ತಾ?" ಎಂದು ನಕ್ಕ. ಹುಲಿಗೆಮ್ಮನ ಕ್ಷಮೆ ಕೇಳಲು ಮಾತ್ರ ಇನ್ನೂ ಧೈರ್ಯ ಬಂದಿಲ್ಲ. ಅವಳ ಮಿಕ್ಸಿಯನ್ನು ಎರಡು ಸಲ ಪುಕ್ಕಟೆ ವೈಂಡಿಂಗ್ ಮಾಡಿಕೊಟ್ಟೆ.

ಇಷ್ಟೆಲ್ಲ ಆಗಿ ವರ್ಷಗಳೇ ಉರುಳಿದವು. ಅದಿರಿನ ಲಾರಿಗಳು ನಿಂತವು, ಧೂಳು ತಗ್ಗಿತು, ಕುರ್ಚಿ ಇನ್ನೂ ನಡೆಯುತ್ತಿದೆ. ಗುಂಡುಕಲ್ಲನ್ನು ನೀಲಮ್ಮ ಅದರ ಪಕ್ಕದಲ್ಲೇ ಇಟ್ಟುಕೊಂಡಿದ್ದಾಳೆ. "ಸ್ಪ್ರಿಂಗು ಅವತ್ತ ತೆಗದೀನಲ್ಲ?" ಎಂದರೆ, "ಅದನ್ನ ತೆಗದ್ರಿ. ಬ್ಯಾರೆ ಏನು ಹಾಕೀರೋ, ಯಾರು ಕಂಡಾರ?" ಎನ್ನುತ್ತಾಳೆ. ತಿಕ್ಕಿಸಿಕೊಂಡಾದ ಮೇಲೆ ಅವಳಿಗೆ ಒಬ್ಬಳೇ ಏಳಲಾಗುವುದಿಲ್ಲ. ನಾನು ಹೋಗಿ ಕೈ ಕೊಡುತ್ತೇನೆ. ಅವಳು ತಟ್ಟನೆ ಹಿಡಿಯುವುದಿಲ್ಲ. ಮೊದಲು ತನ್ನ ಕೈಯ ಹಿಂಬದಿಯನ್ನು ನನ್ನ ಕೈಗೆ ತಾಗಿಸಿ ನೋಡುತ್ತಾಳೆ. ಕಲಿಸಿದವನು ನಾನೇ ಅಲ್ಲವೇ? ಪರೀಕ್ಷೆ ಮುಗಿಯುವವರೆಗೆ ಕೈ ಚಾಚಿಕೊಂಡು ಸುಮ್ಮನೆ ನಿಂತಿರುತ್ತೇನೆ.